ಠಸ್ಸೆ ಭಾವ ಎಂಟು ಗೆರೆ ಕಲಿತದ್ದು

ಅಕ್ಷರ ಬರೆಯುವಾಗ ಯಾವ ಗೆರೆ ಮೊದಲು, ಯಾವ ಗೆರೆ ಆಮೇಲೆ ಅನ್ನುವುದಕ್ಕೂ ಒಂದು ಕಟ್ಟುಪಾಡು ಇರುತ್ತದೆ ಅನ್ನುವ ಮಾತು ಪುಟ್ಟಿಯ ಕಿವಿಗೆ ಮೊದಲು ಬಿದ್ದದ್ದು ಒಂದು ಮಂಗಳವಾರ ಬೆಳಿಗ್ಗೆ, ಮೆಟ್ಟಿಲ ಮೇಲೆ. ಅವಳು ಬಕೆಟ್ಟಿಗೆ ಬಗ್ಗಿ ಒರೆಸುವ ಬಟ್ಟೆ ಹಿಂಡುತ್ತಿದ್ದಳು. ಮೇಲಿನಿಂದ ಭಾವ ಇಳಿದು ಬಂದರು. ಮುಖ ಸುಟ್ಟ ಬದನೆಕಾಯಿ ಆಗಿತ್ತು. ಒದ್ದೆ ಮೆಟ್ಟಿಲು ಅಂತ ಕೂಡ ನೋಡದೆ, ಆಗ ತಾನೆ ಒರೆಸಿದ ನಾಲ್ಕು ಮೆಟ್ಟಿಲಿಗೂ ಚಪ್ಪಲಿಯ ಗುರುತು ಒತ್ತಿಕೊಂಡೇ ಬಂದರು. ಜೀವಮಾನವೆಲ್ಲ ಒತ್ತುವ ಸಾಮಾನು ಮಾಡಿದವರು, ಅಭ್ಯಾಸ ಎಲ್ಲಿಗೆ ಹೋಗುತ್ತದೆ.

ಪುಟ್ಟಿ ಅಂದರೆ ಎಳೆ ಹುಡುಗಿಯಲ್ಲ. ಆಗ ಅವಳಿಗೆ ಐವತ್ತೆಂಟು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ಗಂಡ ತೀರಿಕೊಂಡ ಮೇಲೆ ಅಕ್ಕನ ಮನೆ ಸೇರಿದವಳು. ಅಕ್ಕ ಅನ್ನುವವಳು ಬದುಕಿರುವ ತನಕ ತಂಗಿಗೆ ತೊಂಬತ್ತಾದರೂ ಅವಳು ಪುಟ್ಟಿಯೇ. ಸುಮ್ಮನೆ ಕೂತು ಉಣ್ಣುವುದು ಅವಳಿಗೆ ಆಗದ ಮಾತು. ಅದಕ್ಕೇ ಭಾವನ ಅಂಗಡಿ ಇದ್ದ ಕಟ್ಟಡದಲ್ಲಿಯೇ ಮೆಟ್ಟಿಲು, ಪಡಸಾಲೆ ಒರೆಸುವ ಕೆಲಸ ಹಿಡಿದಿದ್ದಳು. ಮೂರು ಮಹಡಿ, ಹತ್ತೊಂಬತ್ತು ಅಂಗಡಿ.

ಭಾವನದ್ದು ಅಂಗಡಿ ಅನ್ನುವುದಕ್ಕಿಂತ ಗೂಡು. ಕೆಳಗಿನ ಮೆಟ್ಟಿಲಿನ ಹೊಟ್ಟೆಯೊಳಗೆ ಒಂದು ಮೇಜು, ಒಂದು ದೀಪ, ಒಂದು ಸ್ಟೂಲು. ಒಳಗೆ ಹೋಗಬೇಕಾದರೆ ತಲೆ ಬಗ್ಗಿಸಲೇಬೇಕು. "ನಿಮ್ಮಕ್ಕನ ಮುಂದೆ ಬಗ್ಗಿಸಿ ಬಗ್ಗಿಸಿ ಇದಕ್ಕೆ ರೂಢಿ ಆಯಿತು" ಅನ್ನುತ್ತಿದ್ದರು. ಅಲ್ಲಿ ಕೂತು ನಲವತ್ತೊಂದು ವರ್ಷ ರಬ್ಬರಿನ ಮೊಹರು ಕೆತ್ತಿದ್ದರು. ಆಫೀಸಿನವರಿಗೆ, ಡಾಕ್ಟರಿಗೆ, ಗೋದಾಮಿನವರಿಗೆ, ಯಾರಿಗೆ ಬೇಕೋ ಅವರಿಗೆ. ಮೊಹರಿಗೆ ಠಸ್ಸೆ ಅಂತಲೂ ಹೆಸರಲ್ಲವೆ, ಅದಕ್ಕೇ ಕಟ್ಟಡದವರೆಲ್ಲ ಅವರನ್ನು ಠಸ್ಸೆ ಅನ್ನುತ್ತಿದ್ದರು, ಪುಟ್ಟಿಗೆ ಠಸ್ಸೆ ಭಾವ.

ಮೊಹರು ಕೆತ್ತುವವರ ಬದುಕೇ ತಿರುವುಮುರುವು. ಕಾಗದದ ಮೇಲೆ ಸರಿಯಾಗಿ ಮೂಡಬೇಕಾದರೆ ರಬ್ಬರಿನ ಮೇಲೆ ತಪ್ಪಾಗಿ ಕೆತ್ತಬೇಕು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ನಲವತ್ತೊಂದು ವರ್ಷ ಹಾಗೆ ಕೆತ್ತಿದ ಕೈ ಮನೆಗೆ ಬಂದ ಮೇಲೆ ನೆಟ್ಟಗಾಗುತ್ತದೆಯೆ? ಒಮ್ಮೆ ಬಾಗಿಲ ಮೇಲೆ "ಬೀಗದ ಕೈ ಪಕ್ಕದ ಮನೆಯಲ್ಲಿದೆ" ಅಂತ ಚೀಟಿ ಬರೆದು ಅಂಟಿಸಿ ಹೋಗಿದ್ದರು. ಅಕ್ಕ ಚೀಟಿ ಓದಲಾರದೆ ಎರಡು ಗಂಟೆ ಹೊಸಿಲ ಮೇಲೆ ಕೂತಿದ್ದಳು. ಪೂರಾ ಕನ್ನಡಿ ಬರಹ. ಅಷ್ಟೇಕೆ, ಮದುವೆಗೆ ಮುಂಚೆ ಅವರು ಅಕ್ಕನಿಗೆ ಬರೆದ ಕಾಗದವೂ ಹಾಗೆಯೇ ಇತ್ತು, ಆದರೆ ಅದು ಬೇಕೆಂದೇ. ಅಪ್ಪನ ಕೈಗೆ ಸಿಕ್ಕರೂ ತಿಳಿಯಬಾರದು ಅಂತ. ಸಿಕ್ಕಿತು ಕೂಡ. ಅಪ್ಪ ಅದನ್ನು ಯಾವುದೋ ಔಷಧಿಯ ಪಟ್ಟಿ ಅಂದುಕೊಂಡು ಜೋಪಾನವಾಗಿ ಗೋಡೆಯ ಗೂಡಿನಲ್ಲಿ ಇಟ್ಟಿದ್ದರು. ಅಕ್ಕ ಕನ್ನಡಿ ಹಿಡಿದು ಓದಿಕೊಂಡಳು, ಒಪ್ಪಿಕೊಂಡಳು, ಆಮೇಲಿನ ಕತೆ ಎಲ್ಲರಿಗೂ ಗೊತ್ತು.

ಇಂಥ ಭಾವ ಮೆಟ್ಟಿಲಿಳಿದು ಬಂದು ಪುಟ್ಟಿಯ ಬಕೆಟ್ಟಿನ ಪಕ್ಕ ಕುಸಿದು ಕೂತರು.

"ಯಾಕೆ ಭಾವ, ಕನ್ನಡಕದಮ್ಮ ಬೈದರಾ?"

"ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈಸಿಕೊಂಡು ಅಭ್ಯಾಸ ಇದೆ, ನಿಮ್ಮಕ್ಕನ ದಯೆ. ನಕ್ಕರು ಪುಟ್ಟಿ! ನನ್ನ ಕೆಲಸ ನೋಡಿ ನಕ್ಕರು!"

ಕನ್ನಡಕದಮ್ಮ ಅಂದರೆ ಎರಡನೇ ಮಹಡಿಯ ಕನ್ನಡಕದ ಅಂಗಡಿಯವರು. ಎಪ್ಪತ್ತು ದಾಟಿದ ಸಣ್ಣಗಿನ ಹೆಂಗಸು, ಬಿಳಿ ಕೋಟು, ಕತ್ತಿಗೆ ನೇತುಬಿದ್ದ ಎರಡು ಕನ್ನಡಕ. ಅವರ ತಾತ ಚೀನಾದವರಂತೆ. ಇವರು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ, ಮಾತೆಲ್ಲ ನಮ್ಮದೇ. ಬೈಗುಳವಂತೂ ನಮಗಿಂತ ಒಂದು ಕೈ ಹೆಚ್ಚು. ಆದರೆ ಅವರಪ್ಪ ಅವರಿಗೆ ಒಂದೇ ಒಂದು ಚೀನೀ ಅಕ್ಷರದ ಹೆಸರಿಟ್ಟು, ಆ ಅಕ್ಷರವನ್ನು ಒಂದು ಸಣ್ಣ ಕಲ್ಲಿನ ಮೇಲೆ ತಾವೇ ಕೆತ್ತಿ ಕೊಟ್ಟು ಹೋಗಿದ್ದರು. ಯಾರೇ ಕನ್ನಡಕ ತೆಗೆದುಕೊಳ್ಳಲಿ, ಆಯಮ್ಮ ಡಬ್ಬಿಯೊಳಗೆ ಒಂದು ಚೀಟಿ ಇಡುತ್ತಿದ್ದರು. ಚೀಟಿಯ ಮೇಲೆ ಆ ಕಲ್ಲಿನ ಕೆಂಪು ಮುದ್ರೆ. ಕಲ್ಲು ಕೈಜಾರಿ ಬಿದ್ದು ಮೂರು ಹೋಳಾಯಿತು. ಆಗ ಅವರಿಗೆ ನೆನಪಾದದ್ದು ಭಾವನ ಗೂಡಿನ ಮೇಲಿನ ಬೋರ್ಡು.

ಆ ಬೋರ್ಡಿನ ಮೇಲೆ ಭಾವ ಮೀಸೆ ಕಪ್ಪಗಿದ್ದ ಕಾಲದಲ್ಲಿ ಒಂದು ಸಾಲು ಬರೆದಿದ್ದರು: "ಜಗತ್ತಿನ ಯಾವ ಅಕ್ಷರವಾದರೂ ಸರಿ, ಕೆತ್ತಿಕೊಡಲಾಗುವುದು." ನಲವತ್ತೊಂದು ವರ್ಷದಲ್ಲಿ ಯಾರೂ ಆ ಮಾತನ್ನು ಪರೀಕ್ಷೆ ಮಾಡಿರಲಿಲ್ಲ. ಮಕ್ಕಳಿಲ್ಲದ ಆ ಮನೆಯಲ್ಲಿ ಭಾವ ಮಗುವಿನ ಹಾಗೆ ಸಾಕಿಕೊಂಡಿದ್ದು ಆ ಸಾಲನ್ನು. ವರ್ಷಕ್ಕೊಂದು ಸಲ ಅದಕ್ಕೆ ಹೊಸ ಬಣ್ಣ ಬಳಿಯುತ್ತಿದ್ದರು.

"ನೋಡು, ಹಳೇ ಮುದ್ರೆ ನೋಡ್ಕೊಂಡು ಕೂದಲೆಳೆ ಆಚೀಚೆ ಆಗದ ಹಾಗೆ ಕೆತ್ತಿದೀನಿ. ಆಯಮ್ಮ ಒತ್ತಿ ನೋಡಿದರು. ಏನಂದರು ಗೊತ್ತಾ? 'ಇದನ್ನ ನೀವು ಬರೆದಿಲ್ಲ ಮೊಹರಿನವರೇ, ಮನೆಯ ಫೋಟೋ ನೋಡ್ಕೊಂಡು ಮನೆ ಕಟ್ಟಿದೀರಿ. ಬಾಗಿಲು ಹಾಕಿ ಆಮೇಲೆ ಜನಾನ ಒಳಗೆ ತುಂಬಿದೀರಿ' ಅಂದರು. ಗೆರೆಗೆ ತಲೆ ಯಾವುದು ಬಾಲ ಯಾವುದು ಗೊತ್ತಾಗಲ್ಲವಂತೆ. ಮೂಲೇಲಿ ತಿರುಗಬೇಕಾದ ಗೆರೆಯನ್ನ ನಾನು ಕತ್ತರಿಸಿ ಅಂಟಿಸಿದೀನಂತೆ. ಯಾವುದು ಮೊದಲು ಯಾವುದು ಆಮೇಲೆ ಅಂತ ಕಲಿತು, ಮೊದಲು ಬರೀರಿ, ಆಮೇಲೆ ಕೆತ್ತೀರಂತೆ ಅಂದರು."

"ಅದಕ್ಕೆ ನೀವೇನಂದಿರಿ?"

"ಏನನ್ನಲಿ? ಬಾಯಿ ಸುಮ್ಮನಿರಬೇಕಲ್ಲ. 'ನಿಮ್ಮ ಬಾಯಲ್ಲೇ ಸೈ ಅನ್ನಿಸಿಕೊಳ್ತೀನಿ. ಇಲ್ಲದಿದ್ರೆ ಬೋರ್ಡಿನ ಆ ಸಾಲನ್ನ ನನ್ನ ಕೈಯಾರೆ ಕೆರೆದು ಹಾಕ್ತೀನಿ' ಅಂದುಬಿಟ್ಟೆ."

ಹೇಳಿ ಮುಗಿಸಿದ ಮೇಲೆ ತಾನೇನು ಹೇಳಿದೆ ಅನ್ನುವುದು ಅವರಿಗೇ ಆಗ ಅರ್ಥವಾದ ಹಾಗಿತ್ತು. ಎದ್ದು ಹೋಗಿ ಬೋರ್ಡಿನ ಕೆಳಗೆ ನಿಂತು ತಲೆಯೆತ್ತಿ ನೋಡಿದರು. ಆಸ್ಪತ್ರೆಯ ಬಾಗಿಲಲ್ಲಿ ಮಗುವನ್ನು ಬಿಟ್ಟು ಬಂದವರು ನೋಡುವ ಹಾಗೆ.

ಗಡುವೂ ಇತ್ತು. ಕನ್ನಡಕದಮ್ಮನ ಹತ್ತಿರ ಹಳೆಯ ಮುದ್ರೆ ಒತ್ತಿಟ್ಟ ಚೀಟಿ ಇನ್ನೂ ಒಂದು ಕಟ್ಟು ಇದ್ದವು, ಸುಮಾರು ನೂರೈವತ್ತು. ಅವು ಮುಗಿಯುವುದರೊಳಗೆ ಭಾವ ಕಲಿಯಬೇಕು. ಮುಗಿದ ದಿನ ಪರೀಕ್ಷೆ. ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚೆ ಅರ್ಧ ಗಂಟೆ ಪಾಠ.

ಅಕ್ಕನಿಗೆ ಸುದ್ದಿ ಮುಟ್ಟಿದಾಗ ಅವಳು ಬಟ್ಟೆ ಮಡಚುತ್ತಿದ್ದಳು. ಕೈಯಲ್ಲಿದ್ದ ಅಂಗಿಯನ್ನು ಭಾವನೇ ಅಂದುಕೊಂಡು ಒಂದು ಸಲ ಜಾಡಿಸಿದಳು.

"ಅರವತ್ತಕ್ಕೆ ಅರಳು ಮರಳು ಅಂತಾರಲ್ಲ, ನಿಮಗೆ ಅರವತ್ತೇಳಕ್ಕೆ ಬಂತು ನೋಡಿ. ಮುದುಕಿ ಹತ್ರ ಅ ಆ ಇ ಈ ಕಲಿಯೋಕೆ ಹೊರಟ್ರಾ?"

"ಅದು ಅ ಆ ಅಲ್ಲ ಕಣೇ, ಒಂದೇ ಅಕ್ಷರ. ಎಂಟು ಗೆರೆ."

"ನನಗೆ ಬರೆದದ್ದೂ ಒಂದೇ ಕಾಗದ. ಅದಕ್ಕೇ ನಲವತ್ತು ವರ್ಷ ಆಯ್ತು, ಇನ್ನೂ ಬಿಡಿಸಿಕೊಳ್ಳೋಕೆ ಆಗಿಲ್ಲ. ಏ ಪುಟ್ಟೀ, ನಾಳೆಯಿಂದ ನೀನೂ ಜೊತೆಗೆ ಹೋಗು."

"ನಾನ್ಯಾಕಕ್ಕ?"

"ನೆಲ ಒರೆಸೋಕೆ! ಪಾಠ ನಡೆಯೋವಾಗ ಅಲ್ಲೇ ಒರೆಸ್ತಾ ಇರು. ಕಣ್ಣು ನೆಲದ ಮೇಲಿರಲಿ, ಕಿವಿ ಅವರ ಮೇಲಿರಲಿ."

ಹೀಗೆ ಪುಟ್ಟಿ ಕಾವಲಿಗೆ ಹೋದಳು.

ಕನ್ನಡಕದ ಅಂಗಡಿಯ ಮುಂಭಾಗ ಪೂರಾ ಗಾಜು. ಆಚೆ ಪಡಸಾಲೆ. ಒಳಗೆ ಎದುರು ಗೋಡೆಗೆ ಉದ್ದಕ್ಕೂ ಕನ್ನಡಿ, ಬಂದವರು ಕನ್ನಡಕ ಹಾಕಿ ನೋಡಿಕೊಳ್ಳಲಿ ಅಂತ. ಭಾವ ಮೇಜಿನ ಒಳಬದಿಗೆ, ಗಾಜಿಗೆ ಮುಖ ಮಾಡಿ ಕೂರುತ್ತಿದ್ದರು. ಮುಂದೆ ಒಂದು ಕರೀ ಸ್ಲೇಟು, ಒಂದು ಬಟ್ಟಲು ನೀರು, ಒಂದು ಕುಂಚ. ನೀರಿನಲ್ಲಿ ಬರೆದದ್ದು ಎರಡು ನಿಮಿಷದಲ್ಲಿ ಆರಿಹೋಗುತ್ತದೆ. "ತಪ್ಪು ಬರೆದರೆ ನಾಚಿಕೆ ಬೇಡ, ಅದೇ ಹೊರಟುಹೋಗುತ್ತೆ" ಅಂದರು ಕನ್ನಡಕದಮ್ಮ.

ಅಕ್ಷರ ನೋಡಲಿಕ್ಕೆ ಸುಲಭವೇ. ನಾಲ್ಕು ಗೋಡೆಯ ಒಂದು ಮನೆ. ಒಳಗೆ ಮೂರು ಅಡ್ಡ ಗೆರೆ, ಅವನ್ನು ಕಟ್ಟಿಹಾಕುವ ಒಂದು ಉದ್ದ ಗೆರೆ. ಬಲಗಡೆ ಕೆಳಗೆ ಒಂದು ಚುಕ್ಕೆ. ಚುಕ್ಕೆ ಇಲ್ಲದಿದ್ದರೆ ಒಳಗಿರುವವನು ರಾಜ, ಚುಕ್ಕೆ ಇಟ್ಟರೆ ಹಸಿರು ಹರಳು. ಹರಳಿನ ಸುತ್ತ ಗೋಡೆ ಕಟ್ಟಿದರೆ ಅದು ನಾಡು. ಇದನ್ನು ಪುಟ್ಟಿ ಮನೆಯಲ್ಲಿ ಹೇಳಿದಾಗ ಅಕ್ಕ, "ರಾಜನಿಗಿಂತ ಹರಳೇ ವಾಸಿ. ಕೂಗಾಡೋದಿಲ್ಲ, ಊಟ ಕೇಳೋದಿಲ್ಲ" ಅಂದಿದ್ದಳು.

ಸುಲಭ ಅಂದದ್ದು ನೋಡಲಿಕ್ಕೆ. ಬರೆಯಲು ಕೂತರೆ ಭಾವನ ಕೈ ತನ್ನ ಪಾಡಿಗೆ ಬಲಗಡೆಯಿಂದ ಹೊರಡುತ್ತಿತ್ತು.

"ಎಡದಿಂದ, ಮೊಹರಿನವರೇ."

"ಹೌದು ಹೌದು, ಎಡದಿಂದ." ಮತ್ತೆ ಬಲದಿಂದ.

"ಅದು ನಿಮ್ಮ ಬಲ."

"ನನಗೆ ಅದೇ ಎಡ ಅಮ್ಮಾವ್ರೇ. ನಲವತ್ತೊಂದು ವರ್ಷದಿಂದ."

ಎಡ ಒಂದು ಬಗೆಹರಿದರೆ ಇನ್ನೊಂದು ತಕರಾರು. ಭಾವ ಮೊದಲು ನಾಲ್ಕು ಗೋಡೆಯನ್ನೂ ಎಬ್ಬಿಸಿ ಆಮೇಲೆ ಒಳಗೆ ಕೈಹಾಕುತ್ತಿದ್ದರು. ಮೊಹರಿಗೆ ಮೊದಲು ಚೌಕಟ್ಟು ತಾನೆ? ಕನ್ನಡಕದಮ್ಮ ಸಣ್ಣ ಅಳತೆಪಟ್ಟಿಯಿಂದ ಅವರ ಬೆರಳ ಗಂಟಿಗೆ ತಟ್ಟುತ್ತಿದ್ದರು. "ಮತ್ತೆ ಬಾಗಿಲು ಹಾಕಿದಿರಿ. ಹರಳು ಹೊರಗೇ ಉಳೀತು."

ಇದನ್ನೆಲ್ಲ ಪುಟ್ಟಿ ಬಗ್ಗಿಕೊಂಡು ನೋಡುತ್ತಿದ್ದಳು. ಎಂಟನೇ ದಿನವೋ ಒಂಬತ್ತನೇ ದಿನವೋ ಅವಳಿಗೆ ನಗು ತಡೆಯಲಾಗಲಿಲ್ಲ.

"ಅಲ್ಲ ಭಾವ, ಇದರಲ್ಲಿ ಕಲಿಯೋದೇನಿದೆ? ಕೋಣೆ ಒರೆಸೋ ಹಾಗೇ ಅಲ್ವಾ?"

"ನಿನ್ನ ಕೆಲಸ ನೀನು ನೋಡು" ಅಂದರು ಭಾವ.

"ತಡೀರಿ, ಹೇಳಲಿ" ಅಂದರು ಕನ್ನಡಕದಮ್ಮ.

ಪುಟ್ಟಿ ಒರೆಸುವ ಕೋಲನ್ನು ನೀರಿಗೆ ಅದ್ದಿ ನೆಲದ ಮೇಲೆ ತೋರಿಸಿದಳು. ಎಡಗೋಡೆಯ ಪಕ್ಕ ಮೇಲಿಂದ ಕೆಳಕ್ಕೆ ಒಂದು ಎಳೆತ. ಮೇಲ್ಗೋಡೆಯ ಉದ್ದಕ್ಕೂ ಹೋಗಿ, ಮೂಲೆಯಲ್ಲಿ ಕೋಲು ಎತ್ತದೆ ಹಾಗೆಯೇ ತಿರುಗಿ ಬಲಗೋಡೆಯ ಪಕ್ಕ ಕೆಳಕ್ಕೆ. ಮೂಲೆಯಲ್ಲಿ ಕೋಲೆತ್ತಿದರೆ ಅಲ್ಲಿ ಕೊಳೆ ಉಳಿಯುತ್ತದೆ, ಅದು ಯಾರಿಗೆ ಗೊತ್ತಿಲ್ಲ? ಆಮೇಲೆ ಒಳಗೆ ಅಡ್ಡಡ್ಡ ಎರಡು, ನಡುವೆ ಉದ್ದಕ್ಕೊಂದು, ತಳಕ್ಕೆ ಮತ್ತೊಂದು ಅಡ್ಡ. ಎಲ್ಲೋ ಒಂದು ಕಡೆ ಕಲೆ ಉಳಿದಿರುತ್ತದಲ್ಲ, ಅಲ್ಲಿಗೆ ಒಂದು ಒತ್ತು. ಕೊನೆಗೆ ಹಿಂದಕ್ಕೆ ಹಿಂದಕ್ಕೆ ನಡೆದು ಹೊರಗೆ ಬಂದು ಹೊಸಿಲು.

"ಹೊಸಿಲು ಮೊದಲೇ ಒರೆಸಿದರೆ ನಾನು ಒಳಗೇ ಇರ್ತೀನಲ್ಲ, ಹೊರಗೆ ಹೇಗೆ ಬರ್ಲಿ? ಒದ್ದೆ ತುಳ್ಕೊಂಡಾ?"

ಕನ್ನಡಕದಮ್ಮ ಕತ್ತಿನ ಎರಡು ಕನ್ನಡಕಗಳಲ್ಲಿ ಒಂದನ್ನು ತೆಗೆದು ಹಾಕಿಕೊಂಡು ನೆಲ ನೋಡಿದರು, ಇನ್ನೊಂದನ್ನು ಹಾಕಿಕೊಂಡು ಪುಟ್ಟಿಯನ್ನು ನೋಡಿದರು.

"ಎಂಟಕ್ಕೆ ಎಂಟು ಸರಿ. ನಮ್ಮಪ್ಪ ನನಗೆ ಕಲಿಸೋಕೆ ಒಂದು ತಿಂಗಳು ತಗೊಂಡರು. ನೋಡಿ ಮೊಹರಿನವರೇ, ನಿಮ್ಮ ನಾದಿನಿಗೆ ನೋಡಿದಷ್ಟಕ್ಕೇ ಬಂತು."

ಭಾವ ಎರಡು ದಿನ ಪುಟ್ಟಿಯ ಜೊತೆ ಮಾತು ಬಿಟ್ಟರು. ಮೂರನೇ ದಿನ ಪುಟ್ಟಿಯ ಕೈಗೆ ಕುಂಚ ಕೊಟ್ಟು ಬರೆಸಿದಾಗ ಗೆರೆಗಳೆಲ್ಲ ಮಳೆಗೆ ಸಿಕ್ಕಿದ ಎರೆಹುಳದ ಹಾಗೆ ಬಂದವು. ಆಗ ಭಾವನ ಮುಖ ಅರಳಿತು. ಸಾಯಂಕಾಲ ತಾವೇ ಟೀ ತರಿಸಿಕೊಟ್ಟರು. ಹೀಗಾಗಿ ಲೆಕ್ಕ ಏನಾಯಿತಪ್ಪಾ ಅಂದರೆ, ಕೈ ಒಬ್ಬರದ್ದು, ಕ್ರಮ ಇನ್ನೊಬ್ಬರದ್ದು. ಪುಟ್ಟಿ ಪಕ್ಕದಲ್ಲಿ ನಿಂತು "ಎಡಗೋಡೆ, ಮೇಲೆ, ತಿರುಗಿ ಭಾವ, ತಿರುಗಿ" ಅನ್ನುತ್ತಿದ್ದರೆ ಭಾವ ಚಿನ್ನದಂಥ ಅಕ್ಷರ ಬರೆಯುತ್ತಿದ್ದರು. ಪುಟ್ಟಿ ಬಾಯಿ ಮುಚ್ಚಿದರೆ ಮುಗಿಯಿತು, ಹರಳು ಮತ್ತೆ ಬೀದಿಪಾಲು.

ಇತ್ತ ಚೀಟಿ ಕರಗುತ್ತಿದ್ದವು. ಭಾವನಿಗೆ ಊರಿನವರ ಕಣ್ಣಿನ ಮೇಲೆಯೇ ಸಿಟ್ಟು ಬಂದುಬಿಟ್ಟಿತು. ಯಾರಾದರೂ ಮೆಟ್ಟಿಲ ಬುಡದಲ್ಲಿ ನಿಂತು "ಕನ್ನಡಕದ ಅಂಗಡಿ ಎಷ್ಟನೇ ಮಹಡಿ?" ಅಂದರೆ, ಗೂಡಿನಿಂದ ತಲೆ ಹೊರಗೆ ಹಾಕಿ, "ಯಾಕೆ ಸ್ವಾಮಿ, ಇಷ್ಟು ದೊಡ್ಡ ಬೋರ್ಡು ಕಾಣಿಸ್ತಿದೆಯಲ್ಲ! ನಿಮ್ಮ ಕಣ್ಣು ಹದ್ದಿನ ಕಣ್ಣು. ಮನೆಗೆ ಹೋಗಿ ತಣ್ಣೀರಲ್ಲಿ ತೊಳ್ಕೊಳಿ, ಸಾಕು" ಅನ್ನುತ್ತಿದ್ದರು. ಮೂರು ಜನ ಹಾಗೆಯೇ ವಾಪಸು ಹೋದರು. ನಾಲ್ಕನೆಯವರು ಕನ್ನಡಕದಮ್ಮನ ತಮ್ಮನ ಹೆಂಡತಿ. ಸುದ್ದಿ ಮೇಲಕ್ಕೆ ಹೋಯಿತು. ಮಾರನೇ ದಿನ ಅಳತೆಪಟ್ಟಿ ಬೆರಳ ಗಂಟಿಗೆ ಎರಡು ಸಲ ಹೆಚ್ಚಾಗಿ ಬಿತ್ತು.

ಹನ್ನೊಂದು ಚೀಟಿ ಉಳಿದಾಗ ಕನ್ನಡಕದಮ್ಮ ಹೇಳಿದರು, "ಪರೀಕ್ಷೆ ದಿನ ನಿಮ್ಮ ನಾದಿನಿ ಒಳಗಿರೋ ಹಾಗಿಲ್ಲ. ಹೇಳಿಕೊಡೋ ಹಾಗಿಲ್ಲ."

ಆವತ್ತು ಭಾವ ಸ್ಕ್ರೇಪರು ಹುಡುಕಿ ತಂದು, ಬಣ್ಣ ಕೆರೆಯಲು ಚೂಪಾಗಿದೆಯೇ ಅಂತ ಹೆಬ್ಬೆರಳಲ್ಲಿ ನೋಡುತ್ತ ಕೂತಿದ್ದರು. ಪುಟ್ಟಿ ಒರೆಸುವ ಕೋಲನ್ನು ಗೋಡೆಗೆ ಒರಗಿಸಿದಳು. ಅವಳು ವಿಧವೆಯಾಗಿ ಬಂದ ದಿನ ಈ ಮನುಷ್ಯ ಒಂದು ಪ್ರಶ್ನೆ ಕೇಳಿರಲಿಲ್ಲ. ಅವಳ ಟ್ರಂಕನ್ನು ತಾವೇ ತಲೆಯ ಮೇಲೆ ಹೊತ್ತು, ತಮ್ಮ ಕೋಣೆ ಖಾಲಿ ಮಾಡಿ ಅಲ್ಲಿ ಇಳಿಸಿದ್ದರು. ಆವತ್ತಿನಿಂದ ಮಲಗುತ್ತಿದ್ದದ್ದು ನಡುಮನೆಯಲ್ಲಿ.

"ಭಾವ, ನಾನು ಒಳಗಿರಬಾರದು ಅಂದರು. ಹೊರಗೆ ನೆಲ ಒರೆಸಬಾರದು ಅಂದರಾ?"

ಭಾವ ಸ್ಕ್ರೇಪರು ಕೆಳಗಿಟ್ಟರು.

ಸಂಚು ಹೀಗಿತ್ತು. ಪುಟ್ಟಿ ಪಡಸಾಲೆಯಲ್ಲಿ, ಅಂಗಡಿಗೆ ಬೆನ್ನು ಮಾಡಿ, ದೊಡ್ಡದಾಗಿ ಆ ಅಕ್ಷರವನ್ನೇ ಒರೆಸುತ್ತಾಳೆ. ಹಿಂದಕ್ಕೆ ನಡೆಯುತ್ತ ಬಂದರೆ ಕೊನೆಯ ಗೆರೆ ಸರಿಯಾಗಿ ಅಂಗಡಿಯ ಹೊಸಿಲಿಗೆ ಬರುತ್ತದೆ. ಗಾಜಿಗೆ ಮುಖ ಮಾಡಿ ಕೂತ ಭಾವ ಅವಳ ಭುಜದ ಮೇಲಿಂದ ನೋಡುತ್ತ ಬರೆಯುವುದು. ಬೆನ್ನು ಮಾಡಿ ನಿಂತವಳಿಗೆ ಭಾವ ಎಲ್ಲಿಯವರೆಗೆ ಬಂದರು ಅಂತ ತಿಳಿಯಬೇಕಲ್ಲ? ಒಂದು ಗೆರೆ ಮುಗಿದರೆ ಒಂದು ಕೆಮ್ಮು. ಕೆಮ್ಮು ಕೇಳಿದ ಮೇಲೆ ಮುಂದಿನ ಗೆರೆ. ಮೂರು ದಿನ ಸಾಯಂಕಾಲ ಮಾಳಿಗೆಯ ಮೇಲೆ ಅಭ್ಯಾಸ ಮಾಡಿದರು. ಅಕ್ಕ ಕೆಳಗಿನಿಂದ, "ಏನ್ರೀ ಅದು ಕೆಮ್ಮು? ಕಷಾಯ ಮಾಡ್ಲಾ?" ಅಂತ ಕೂಗುತ್ತಿದ್ದಳು.

ಕೊನೆಯ ಚೀಟಿ ಹೋದದ್ದು ಒಂದು ಶುಕ್ರವಾರ. ಶನಿವಾರ ಬೆಳಿಗ್ಗೆ ಪರೀಕ್ಷೆ. ಪುಟ್ಟಿ ಬಕೆಟ್ಟು ತುಂಬಿಕೊಂಡು ಪಡಸಾಲೆಯಲ್ಲಿ ಬೆನ್ನು ಮಾಡಿ ನಿಂತಳು. ಒಳಗೆ ಏನು ನಡೆಯಿತು ಅನ್ನುವುದು ಅವಳಿಗೆ ಆಮೇಲೆ ಗೊತ್ತಾಯಿತು. ಭಾವ ಎಂದಿನ ಜಾಗಕ್ಕೆ ಹೋದರೆ ಕನ್ನಡಕದಮ್ಮ, "ಅಲ್ಲಿ ಬೇಡ. ಇವತ್ತು ನಾನು ಮೇಷ್ಟ್ರು, ಒಳಗೆ ನಾನು ಕೂತ್ಕೋತೀನಿ. ನೀವು ಗಿರಾಕಿಗಳ ಕುರ್ಚಿಗೆ ಬನ್ನಿ" ಅಂದರು. ಗಿರಾಕಿಗಳ ಕುರ್ಚಿಯ ಮುಖ ಕನ್ನಡಿಯ ಕಡೆಗೆ. ಗಾಜು, ಪಡಸಾಲೆ, ಪುಟ್ಟಿ, ಬಕೆಟ್ಟು, ಎಲ್ಲ ಬೆನ್ನ ಹಿಂದೆ ಉಳಿದವು. ಭಾವ ದೊಪ್ಪನೆ ಆ ಕುರ್ಚಿಗೆ ಬಿದ್ದರು. ಆದರೆ ತಲೆಯೆತ್ತಿ ನೋಡಿದರೆ ಎದುರಿನ ಕನ್ನಡಿಯಲ್ಲಿ ಪುಟ್ಟಿ ಇದ್ದಾಳೆ! ಬೆನ್ನು, ಬಕೆಟ್ಟು, ಕೋಲು, ಒಂದೂ ಬಿಡದೆ ಕಾಣಿಸುತ್ತಿದೆ. ಹೋದ ಜೀವ ಬಂದ ಹಾಗಾಗಿ ಭಾವ ಕುಂಚ ಕೈಗೆತ್ತಿಕೊಂಡು ಕೆಮ್ಮಿದರು.

ಪುಟ್ಟಿ ಎಡಗೋಡೆ ಎಳೆದಳು. ಕೆಮ್ಮು. ಮೇಲ್ಗೋಡೆ, ತಿರುಗಿ, ಕೆಳಕ್ಕೆ. ಕೆಮ್ಮು. ಅಡ್ಡ. ಕೆಮ್ಮು. ನಡುವೆ ಮೂರನೇ ಅಂಗಡಿಯ ದರ್ಜಿ ಒದ್ದೆಯ ಮೇಲೆ ಕಾಲಿಡಲು ಬಂದ. ಅವಳು ಕೋಲನ್ನು ಈಟಿಯ ಹಾಗೆ ಹಿಡಿದು, "ಮೂರಡಿ ಹಿಂದಕ್ಕೆ ಹೋಗು, ಇಲ್ಲಿ ದೊಡ್ಡೋರ ಮಾನದ ಪ್ರಶ್ನೆ ನಡೀತಿದೆ" ಅಂದಳು. ಅವನು ಗೋಡೆಗೆ ಅಂಟಿಕೊಂಡು ನಿಂತ. ಒಳಗಿನಿಂದ ಕನ್ನಡಕದಮ್ಮನ ದನಿ ಕೇಳಿಸಿತು, "ನೀರು ಬೇಕಾ ಮೊಹರಿನವರೇ? ಬಹಳ ಕೆಮ್ತಿದೀರಿ." "ಬೇಡ ಬೇಡ, ಹವಾ ಸರಿ ಇಲ್ಲ." ಚುಕ್ಕೆ. ಕೆಮ್ಮು. ಹೊಸಿಲು.

ಪುಟ್ಟಿ ಒರೆಸಿದ ಹೊಸಿಲನ್ನೇ ನಾಲ್ಕು ಸಲ ಒರೆಸಿದಳು. ಬಕೆಟ್ಟಿನ ನೀರು ತಣ್ಣಗಾಯಿತು.

"ಹೊರಗಿರೋರು ಒಳಗೆ ಬರಲಿ" ಅಂದರು ಕನ್ನಡಕದಮ್ಮ. "ಎಷ್ಟು ಹೊತ್ತು ಅಂತ ಒಂದೇ ಜಾಗ ಒರೆಸ್ತಾರೆ, ಕಲ್ಲು ಸವೆದೀತು."

ಒಳಗೆ ಹೋದರೆ ಭಾವ ತಲೆ ತಗ್ಗಿಸಿ ಕೂತಿದ್ದಾರೆ, ಗೂಡಿನಲ್ಲಿ ಕೂರುವುದಕ್ಕಿಂತಲೂ ತಗ್ಗಿಸಿ. ಮೇಜಿನ ಮೇಲೆ ಕಾಗದ. ಅಕ್ಷರ ದಪ್ಪಗೆ, ದಿಟ್ಟವಾಗಿ, ತಲೆ ಬಾಲ ಸಮೇತ ಕೂತಿದೆ. ಆದರೆ ಹರಳಿನ ಚುಕ್ಕೆ ಎಡಗಡೆಗಿದೆ. ತಿರುಗಬೇಕಾದ ಮೂಲೆ ಎಡಕ್ಕೆ ತಿರುಗಿದೆ. ಕನ್ನಡಿಯಲ್ಲಿ ಕಂಡದ್ದನ್ನು ಕಂಡ ಹಾಗೆಯೇ ಬರೆದಿದ್ದರು. ಬೇರೆ ಯಾರೇ ಆಗಿದ್ದರೂ ಕೈ ತಡವರಿಸುತ್ತಿತ್ತು. ಭಾವನ ಕೈಗೆ ಅದು ತವರುಮನೆ, ಎಲ್ಲೂ ನಿಲ್ಲಲಿಲ್ಲ.

"ನಾನು ಕನ್ನಡಕ ಮಾರೋಳು" ಅಂದರು ಕನ್ನಡಕದಮ್ಮ. "ಎದುರಿಗೆ ಕೂತೋರ ಕಣ್ಣು ಎಲ್ಲಿ ನೋಡ್ತಿದೆ ಅಂತ ಕಂಡುಹಿಡಿಯೋದೇ ನನ್ನ ಕಸುಬು. ಐವತ್ತು ವರ್ಷದಿಂದ. ನನ್ನ ಹತ್ರಾನೇ ಆಟ ಆಡ್ತೀರಾ ಇಬ್ಬರೂ?"

"ತಪ್ಪು ನಂದು ಅಮ್ಮಾ" ಅಂದಳು ಪುಟ್ಟಿ.

"ಅವಳದ್ದೇನಿಲ್ಲ, ನಂದು" ಅಂದರು ಭಾವ. ಎದ್ದರು. "ಸಾಲು ಕೆರೆದು ಬರ್ತೀನಿ."

"ಕೂತ್ಕೊಳ್ರೀ!"

ಕನ್ನಡಕದಮ್ಮ ಕಾಗದ ಎತ್ತಿಕೊಂಡು ಕನ್ನಡಿಯ ಮುಂದೆ ಹೋಗಿ ಹಿಡಿದರು. ಕನ್ನಡಿಯೊಳಗೆ ಅಕ್ಷರ ನೆಟ್ಟಗೆ ನಿಂತಿತ್ತು. ಹರಳು ತನ್ನ ಜಾಗದಲ್ಲಿ, ಗೋಡೆ ತನ್ನ ಜಾಗದಲ್ಲಿ, ಎಲ್ಲ ಒಳಗೆ ಬಂದ ಮೇಲೆ ಹಾಕಿದ ಬಾಗಿಲು. ಆಯಮ್ಮ ಒಂದು ಕನ್ನಡಕ ತೆಗೆದು ಇನ್ನೊಂದು ಹಾಕಿಕೊಂಡರು. ಅದನ್ನೂ ತೆಗೆದು ಕೋಟಿನ ತುದಿಯಿಂದ ಒರೆಸಿಕೊಂಡರು, ಕನ್ನಡಕವನ್ನೋ ಕಣ್ಣನ್ನೋ ಪುಟ್ಟಿಗೆ ಸರಿಯಾಗಿ ಕಾಣಲಿಲ್ಲ.

"ನಮ್ಮಪ್ಪ ಕಲ್ಲು ಕೆತ್ತೋವಾಗ ಮೊದಲು ಅ‌ದರ ಮೇಲೆ ಕುಂಚದಲ್ಲಿ ಹೀಗೇ ಬರೀತಿದ್ದರು. ತಿರುವುಮುರುವಾಗಿ. ಅದಕ್ಕೆ ಅವರು ಹತ್ತು ಸಲ ಬರೆದು ಅಳಿಸ್ತಿದ್ದರು. ಒಂದೇ ಏಟಿಗೆ ಹೀಗೆ ಬರೆದೋರನ್ನ ನಾನು ನೋಡಿಲ್ಲ." ಕಾಗದವನ್ನು ಭಾವನ ಮುಂದೆ ಇಟ್ಟರು. "ಇದನ್ನೇ ಕೆತ್ತಿ. ಒಂದು ಕೂದಲೆಳೆ ಬದಲಾಯಿಸಬೇಡಿ."

"ಹಾಗಾದ್ರೆ ಸೈ ಅಂದ ಹಾಗಾ ಅಮ್ಮಾವ್ರೇ?"

"ಅರ್ಧ ಸೈ. ಕೆತ್ತನೆಗೆ ಸೈ. ಬರವಣಿಗೆ ಬಾಕಿ ಇದೆ. ನೆಟ್ಟಗೆ ಒಂದು ಸಲ ಬರೆದು ತೋರಿಸಬೇಕು, ಯಾವತ್ತಾದ್ರೂ."

ಆ ಕಾಗದವನ್ನು ಭಾವ ಮನೆಗೆ ತಂದು ಅಕ್ಕನ ಕೈಗೆ ಕೊಟ್ಟರು. ಹಳೆಯ ಅಭ್ಯಾಸ, ಸೀದಾ ಗೋಡೆಯ ಕನ್ನಡಿಯ ಹತ್ತಿರ ಹೋಗಿ ಹಿಡಿದು ನೋಡಿದಳು. ಬಹಳ ಹೊತ್ತು ನೋಡಿದಳು.

"ಚೆನ್ನಾಗಿದೆ" ಅಂದಳು ಕೊನೆಗೆ. "ನನಗೆ ಬರೆದದ್ದರಷ್ಟು ಅಲ್ಲ."

ಮುದ್ರೆ ತಯಾರಾಯಿತು. ಕನ್ನಡಕದ ಡಬ್ಬಿಗಳಲ್ಲಿ ಮತ್ತೆ ಕೆಂಪು ಚೀಟಿ ಬಂತು. ಭಾವ ಬೋರ್ಡಿನ ಸಾಲು ಕೆರೆಯಲಿಲ್ಲ. ಆದರೆ ಅರ್ಧ ಸೈ ಅನ್ನುವ ಮಾತು ಅವರನ್ನು ಬಿಡಲೂ ಇಲ್ಲ. ಒಂದು ಭಾನುವಾರ ಏಣಿ ಹಾಕಿಕೊಂಡು ಹತ್ತಿ, ನಡುವೆ ಸಣ್ಣ ಅಕ್ಷರದಲ್ಲಿ ಒಂದು ಪದ ತೂರಿಸಿದರು. "ಜಗತ್ತಿನ ಯಾವ ಅಕ್ಷರವಾದರೂ ಸರಿ, ತಿರುವುಮುರುವಾಗಿ ಕೆತ್ತಿಕೊಡಲಾಗುವುದು." ಓದಿದವರು ನಗುತ್ತಿದ್ದರು. ನಕ್ಕರೂ ಮೊಹರು ಮಾಡಿಸಿಕೊಂಡೇ ಹೋಗುತ್ತಿದ್ದರು.

ಆಮೇಲೆ ಏಳು ವರ್ಷ ಭಾವ ಆ ಎಂಟು ಗೆರೆಯ ಹಿಂದೆ ಬಿದ್ದರು. ಸ್ಲೇಟಿನ ಮೇಲೆ, ಮೇಜಿನ ಧೂಳಿನ ಮೇಲೆ, ಊಟವಾದ ಮೇಲೆ ತಟ್ಟೆಯ ಮೇಲೆ. ಪುಟ್ಟಿ ಇದ್ದು ಹೇಳಿದರೆ ನೆಟ್ಟಗೆ ಬರುತ್ತಿತ್ತು. ಒಬ್ಬರೇ ಬರೆದರೆ ಹರಳು ಎಡಕ್ಕೇ ಓಡುತ್ತಿತ್ತು. ಐದನೇ ವರ್ಷ ಕನ್ನಡಕದಮ್ಮ ಅಂಗಡಿ ಮುಚ್ಚಿ ತಮ್ಮನ ಮನೆಗೆ ಹೋದರು. ಹೋಗುವ ದಿನ ಭಾವನ ಕಣ್ಣು ಪರೀಕ್ಷೆ ಮಾಡಿ ಕೊನೆಯ ಕನ್ನಡಕ ಅವರಿಗೇ ಕೊಟ್ಟರು. ಡಬ್ಬಿಯೊಳಗಿನ ಚೀಟಿಯಲ್ಲಿ ಮುದ್ರೆಯ ಕೆಳಗೆ ಪೆನ್ಸಿಲಿನಲ್ಲಿ "ಬಾಕಿ ಒಂದು" ಅಂತ ಬರೆದಿತ್ತು.

ಏಳನೇ ವರ್ಷ ಭಾವನ ಎದೆ ಕೈಕೊಟ್ಟಿತು. ಆಸ್ಪತ್ರೆಯಲ್ಲಿ ಹನ್ನೆರಡು ಹಾಸಿಗೆಯ ಉದ್ದನೆಯ ಕೋಣೆ, ಕಿಟಕಿಯ ಪಕ್ಕದ ಮಂಚ. ನಾಲ್ಕನೇ ದಿನ ಮಧ್ಯಾಹ್ನ ಅಕ್ಕ ಔಷಧಿ ತರಲು ಕೆಳಗೆ ಹೋಗಿದ್ದಳು. ಪುಟ್ಟಿ ಸ್ಟೂಲಿನ ಮೇಲೆ ಕೂತಿದ್ದಳು. ಭಾವನ ತೋರುಬೆರಳು ಹೊದಿಕೆಯ ಮೇಲೆ ಓಡಾಡುತ್ತಿತ್ತು. ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು. ಬಲದಿಂದ.

"ಎಡದಿಂದ ಭಾವ" ಅಂದಳು ಪುಟ್ಟಿ ಮೆಲ್ಲಗೆ.

"ಗೊತ್ತು, ಗೊತ್ತು" ಅಂದರು. ಕಣ್ಣು ತೆರೆದು ಕೋಣೆಯ ಸುತ್ತ ನೋಡಿದರು. ಬಾಗಿಲ ಮೂಲೆಯಲ್ಲಿ ಆಸ್ಪತ್ರೆಯವರು ಒರೆಸುವ ಕೋಲನ್ನೂ ಬಕೆಟ್ಟನ್ನೂ ಬಿಟ್ಟು ಹೋಗಿದ್ದರು. ಭಾವನ ಕಣ್ಣು ಅಲ್ಲಿ ನಿಂತಿತು. ಆಮೇಲೆ ಗೋಡೆಗಳನ್ನೆಲ್ಲ ಒಂದೊಂದಾಗಿ ನೋಡಿದರು.

"ಇಲ್ಲಿ ಕನ್ನಡಿ ಇಲ್ಲ ಅಲ್ವಾ ಪುಟ್ಟಿ?"

"ಇಲ್ಲ ಭಾವ."

"ಹಾಗಾದ್ರೆ ಏಳು. ಮಂಚದ ಮುಂದೆ ಒಂದ್ಸಲ ಒರೆಸು."

"ಇಲ್ಲಿ ನಾನು ಕೋಲು ಮುಟ್ಟಿದ್ರೆ ಅವರು ಬೈಯಲ್ವಾ?"

"ಬೈದ್ರೆ ಬೈಸ್ಕೊಳ್ಳೋಣ, ಇಬ್ಬರಿಗೂ ಅಭ್ಯಾಸ ಇದೆ."

ಪುಟ್ಟಿ ಸೆರಗು ಸಿಕ್ಕಿಸಿಕೊಂಡು ಎದ್ದಳು. ಕೋಲು ಅದ್ದಿ, ಹಿಂಡಿ, ಭಾವನಿಗೆ ಬೆನ್ನು ಮಾಡಿ ನಿಂತಳು. ಹೊದಿಕೆಯ ಮೇಲೆ ಬೆರಳು ಸಜ್ಜಾದ ಸದ್ದು ಕೇಳಿಸಿತು. ಹಿಂದಿನಿಂದ ಭಾವನ ದನಿ ಬಂತು.

"ನಿಧಾನಕ್ಕೆ ಒರೆಸು, ಅವಸರ ಇಲ್ಲ. ನಾನು ಕೆಮ್ಮೋವರೆಗೂ ಹೊಸಿಲು ಮಾತ್ರ ಮುಟ್ಟಬೇಡ, ಆಯ್ತಾ?"